ಮೂರು ದಿನ ಕಳೆದು ಬರೆದ ತಾರೀಕು

ಹೋದ ತಿಂಗಳು ನನ್ನ ತಂಗಿಗೆ ಪರಿಚಯದ ಹುಡುಗಿಯೊಬ್ಬಳು ಮನೆಗೆ ಬಂದಿದ್ದಳು. ಇಂದಿರಾನಗರದ ಒಂದು ಟ್ರಾವೆಲ್ ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಕಾಫಿ ಕುಡಿಯುತ್ತಾ, "ಆಂಟಿ, ವೀಸಾ ಕೆಲಸದಲ್ಲಿ ಅಂಥಾದ್ದೇನಿದೆ? ಫಾರಂ ತುಂಬೋದು, ಫೋಟೋ ಅಂಟಿಸೋದು, ಅಷ್ಟೇ ತಾನೆ?" ಅಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇಪ್ಪತ್ತೆರಡು ವರ್ಷ ನಾನು ಗೋಂದು ಹಚ್ಚಿಕೊಂಡು ಕೂತಿದ್ದೆನೇ? ಮನೆಗೆ ಬಂದವರ ಮೇಲೆ ರೇಗಬಾರದು ಅಂತ ಬಾಯಿ ಮುಚ್ಚಿಕೊಂಡೆ. ಅವತ್ತು ಹೇಳದೆ ಉಳಿಸಿಕೊಂಡಿದ್ದನ್ನು ಈಗ ಬರೆಯುತ್ತಿದ್ದೇನೆ. ಓದುವುದು ಬಿಡುವುದು ಅವಳಿಷ್ಟ.

ನಾನು ಹಲಸೂರಿನವಳು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಶಿವಾಜಿನಗರದ ಒಂದು ಗಲ್ಲಿಯಲ್ಲಿದ್ದ ಟ್ರಾವೆಲ್ ಆಫೀಸಿಗೆ ಸೇರಿದೆ. ಕೆಳಗೆ ಅತ್ತರಿನ ಅಂಗಡಿ, ಮೇಲೆ ನಾವು. ಮೂರು ಕುರ್ಚಿ, ಒಂದು ಟೈಪ್‌ರೈಟರ್, ಪಾಸ್‌ಪೋರ್ಟ್ ಇಡುವುದಕ್ಕೆ ಒಂದು ಕಬ್ಬಿಣದ ಬೀರು. ಮಾಲೀಕರು ಅಜೀಜ್ ಸಾಬ್ರು. ಮನೆಯಲ್ಲಿ ದಖನಿ ಉರ್ದು, ತರಕಾರಿಯವಳ ಹತ್ತಿರ ತಮಿಳು, ನನ್ನ ಹತ್ತಿರ ಕನ್ನಡ; ಸಿಟ್ಟು ಬಂದರೆ ಮೂರೂ ಒಟ್ಟಿಗೆ ಬರುತ್ತಿದ್ದವು. ನಮ್ಮ ಗಿರಾಕಿಗಳು ಹೆಚ್ಚಾಗಿ ಗಲ್ಫ್‌ನಲ್ಲಿರುವ ಮಗಳನ್ನೋ ತಮ್ಮನನ್ನೋ ನೋಡಿಕೊಂಡು ಬರಲು ವಿಸಿಟ್ ವೀಸಾದ ಮೇಲೆ ಹೋಗುವವರು. ಜೊತೆಗೆ ಹಲಸೂರು, ರಿಚರ್ಡ್ಸ್ ಟೌನ್ ಕಡೆ ಬಾಡಿಗೆಗಿದ್ದ ಒಂದಷ್ಟು ವಿದೇಶಿಯರು. ಈ ಎರಡೂ ಥರದವರು ಒಂದಲ್ಲ ಒಂದು ದಿನ ಬಂದು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇನ್ನಷ್ಟು ದಿನ ಇರೋದಕ್ಕೆ ಏನು ದಾರಿ?

ಮೊದಲನೇ ವಾರವೇ ಸಾಬ್ರು ನನಗೆ ಪಾಠ ಮಾಡಿದರು. ಮೇಜಿನ ನಡುವೆ ಸ್ಕೇಲು ಇಟ್ಟು, ಆಚೆ ಕಡೆ ತಮ್ಮ ಚಾ ಲೋಟ ಇಟ್ಟರು.

"ನೋಡು ಬೇಟಿ, ಈ ಲೋಟ ಪರದೇಶದಲ್ಲಿದೆ. ದಿನ ಮುಗೀತಾ ಬಂತು. ದಾರಿ ಮೂರೇ. ಒಂದು, ಅಲ್ಲೇ ಕೂತ್ಕೊಂಡು ಅವಧಿ ಮುಂದೂಡಿಸ್ಕೊಳ್ಳೋದು. ಎರಡು, ಪಕ್ಕದ ದೇಶಕ್ಕೆ ಹೋಗಿ ಹೊಸಾ ವೀಸಾ ತಗೊಂಡು ವಾಪಸ್ ಬರೋದು." ಲೋಟ ಸ್ಕೇಲು ದಾಟಿ ಬಂದು ಮತ್ತೆ ಹೋಯಿತು. "ಮೂರು, ಮರ್ಯಾದೆಯಾಗಿ ಮನೆಗೆ ಬಂದು, ಮತ್ತೆ ಮೊದ್ಲಿಂದ ಶುರು ಮಾಡೋದು."

"ನಾಲ್ಕನೇದು?"

"ನಾಲ್ಕನೇದು ಸುಮ್ನೆ ಅಲ್ಲೇ ಇದ್ಬಿಡೋದು. ಅದು ಕೇಳ್ಕೊಂಡು ಬಂದವ್ರನ್ನ ಕುರ್ಚಿ ಮೇಲೂ ಕೂರಿಸ್ಬೇಡ."

ಇಷ್ಟು ಸುಲಭವಾ ಅಂದುಕೊಂಡೆ. ಎರಡೇ ತಿಂಗಳಿಗೆ ಎಡವಿದೆ.

ಹಲಸೂರಿನ ಒಬ್ಬ ಮೃದಂಗದ ಮೇಷ್ಟ್ರ ಹತ್ತಿರ ಪಾಠಕ್ಕೆ ಹಾನ್ಸ್ ಅಂತ ಒಬ್ಬ ಜರ್ಮನ್ ಹುಡುಗ ಬರುತ್ತಿದ್ದ. ಬೆರಳ ತುದಿಯೆಲ್ಲ ಒಡೆದಿತ್ತು, ಆದರೂ ನಗುತ್ತಲೇ ಇರುತ್ತಿದ್ದ. ಆರು ತಿಂಗಳ ಟೂರಿಸ್ಟ್ ವೀಸಾ. ಎಲ್ಲಿಯವರೆಗೆ ಇರಬಹುದು ಅಂತ ನನ್ನನ್ನು ಕೇಳಿದ. ಅವನು ವಿಮಾನ ಇಳಿದ ದಿನದಿಂದ ಬೆರಳು ಮಡಿಸಿ ಎಣಿಸಿ ಹೇಳಿದೆ. ಅವನು ಖುಷಿಯಾಗಿ ಹೋದ. ಆ ಆರು ತಿಂಗಳು ಎಣಿಕೆಯಾಗುವುದು ಅವನ ಊರಿನಲ್ಲಿ ವೀಸಾ ಕೊಟ್ಟ ದಿನದಿಂದ, ಇಲ್ಲಿ ಇಳಿದ ದಿನದಿಂದ ಅಲ್ಲ ಅಂತ ನನಗೆ ಗೊತ್ತಿರಲಿಲ್ಲ. ಅವನು ಕೊಲಂಬೋ ಟಿಕೆಟ್ ಕೇಳಿಕೊಂಡು ಬಂದಾಗ ಸಾಬ್ರು ಪಾಸ್‌ಪೋರ್ಟ್ ತೆರೆದು ನೋಡಿದರೆ, ವೀಸಾ ಮುಗಿದು ನಾಲ್ಕು ದಿನವಾಗಿದೆ!

ಪಾಪ, ವಿದೇಶಿಯರ ನೋಂದಣಿ ಕಚೇರಿಗೆ ನಾನೇ ಅವನ ಜೊತೆ ಅಲೆದೆ. ವಿವರಣೆ ಪತ್ರ, ಇದ್ದ ಮನೆಯ ಪತ್ರ, ಮೇಷ್ಟ್ರ ಪತ್ರ. ಕೊನೆಗೆ ದೇಶ ಬಿಡುವುದಕ್ಕೆ ಅನುಮತಿ ಸಿಕ್ಕಿತು. ಕೊಲಂಬೋಗೆ ಹೋಗಿ ಹೊಸ ವೀಸಾ ತೆಗೆದುಕೊಂಡು ಬರುವಷ್ಟರಲ್ಲಿ ರಾಮನವಮಿ ಸಂಗೀತ ಕಛೇರಿ ಮುಗಿದಿತ್ತು. ಮೇಷ್ಟ್ರ ಪಕ್ಕ ಕೂತು ನುಡಿಸಬೇಕು ಅಂತ ಅವನು ತಿಂಗಳುಗಟ್ಟಲೆ ಕಾದಿದ್ದ ಕಛೇರಿ ಅದು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಅವನ ಪಾಲಿನದನ್ನೂ ಸೇರಿಸಿ ಸಾಬ್ರು ಬೈದರು. ಬೈದು ಮುಗಿಸಿ ಒಂದು ಕಟ್ಟಳೆ ಮಾಡಿದರು. ಇನ್ನು ಮೇಲೆ ಯಾರಿಗೇ ಆಗಲಿ, ಕೊನೆಯ ತಾರೀಕು ಹೇಳುವಾಗ ಮೂರು ದಿನ ಕಳೆದು ಹೇಳಬೇಕು. ಇಪ್ಪತ್ತಕ್ಕೆ ಮುಗಿಯುತ್ತೆ ಅಂದರೆ ಹದಿನೇಳು ಅನ್ನಬೇಕು. ನಿಜವಾದ ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ಸಿಲ್ಲಿನಲ್ಲಿ ನಮಗೆ ಮಾತ್ರ. ಗಿರಾಕಿಗೆ ಚೀಟಿಯಲ್ಲಿ ಬರೆದು, ಟಿಕೆಟ್ಟಿಗೆ ಗುಂಡುಪಿನ್ನು ಚುಚ್ಚಿ ಕೊಡಬೇಕು.

"ಸುಳ್ಳಲ್ವಾ ಸಾಬ್ರೇ?"

"ಸುಳ್ಳೇ. ಆದ್ರೆ ವಿಮಾನ ತಪ್ಪುತ್ತೆ, ಜ್ವರ ಬರುತ್ತೆ, ಆಫೀಸು ರಜಾ ಇರುತ್ತೆ. ಆವಾಗ ಈ ಸುಳ್ಳು ಅವ್ರನ್ನ ಕಾಪಾಡುತ್ತೆ."

ಕಾಪಾಡಿತು ಕೂಡ. ಹತ್ತು ವರ್ಷದಲ್ಲಿ ನನ್ನ ಕೈಯಿಂದ ಹೋದ ಒಬ್ಬರೂ ಪರದೇಶದಲ್ಲಿ ಅವಧಿ ಮೀರಿ ಸಿಕ್ಕಿಹಾಕಿಕೊಳ್ಳಲಿಲ್ಲ. ಇದನ್ನು ಜಂಬ ಅಂತಲೇ ಹೇಳುತ್ತಿದ್ದೇನೆ.

ಆದರೆ ಶಿವಾಜಿನಗರದಲ್ಲಿ ಗುಟ್ಟು ನಿಲ್ಲುತ್ತದೆಯೇ? ಯಾರೋ ಚೀಟಿಯ ತಾರೀಕು ಒಂದು ದಿನ ದಾಟಿ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದೆ ಅಂತ ಬೆವರಿಕೊಂಡು ನಿಂತಾಗ ಅಲ್ಲಿನ ಅಧಿಕಾರಿ, ನಿಂಗಿನ್ನೂ ಎರಡು ದಿನ ಇದೆಯಲ್ಲಪ್ಪ ಅಂದನಂತೆ. ಅವನು ಬಂದು ನಾಲ್ಕು ಜನಕ್ಕೆ ಹೇಳಿದ. ಆಮೇಲೆ ಎಲ್ಲರಿಗೂ ಗೊತ್ತಾಯಿತು. ಬಳೆ ಅಂಗಡಿಯವರೊಬ್ಬರಂತೂ ಕೌಂಟರಿಗೆ ಒರಗಿಕೊಂಡು ಗಟ್ಟಿಯಾಗಿ ಕೇಳುತ್ತಿದ್ದರು: "ಇದು ಸರೋಜಮ್ಮನ ತಾರೀಕಾ, ಸರ್ಕಾರದ ತಾರೀಕಾ?" ಎಲ್ಲರೂ ನಗೋರು. ನಾನು, "ಸರ್ಕಾರದ್ದೇ ರೀ, ಸುಮ್ನೆ ಹೋಗಿ" ಅಂತ ಗದರಿಸುತ್ತಿದ್ದೆ. ಯಾರೂ ನಂಬುತ್ತಿರಲಿಲ್ಲ. ಒಳಗೊಳಗೇ ನನಗೂ ಹಿತವಾಗಿತ್ತು. ಸರ್ಕಾರದ ಸಮಕ್ಕೆ ನನ್ನ ಹೆಸರಲ್ಲೂ ಒಂದು ತಾರೀಕಿದೆಯಲ್ಲ!

ಇನ್ನು ನಮ್ಮ ಆಫೀಸಿಗೆ ಕಂಪ್ಯೂಟರು ಬಂದ ಕಥೆ. ಸಾಬ್ರ ಕಣ್ಣು ಮಂಜಾಗಿ ಅವರು ಬರುವುದು ನಿಲ್ಲಿಸಿದರು. ಅವರ ಮಗ ಇರ್ಫಾನ್ ಕೂತ. ಒಳ್ಳೆಯ ಹುಡುಗ, ಚುರುಕು. ನನ್ನನ್ನು "ಆಂಟಿ" ಅಂತಿದ್ದ, ಅದೊಂದು ಬಿಟ್ಟರೆ ನನಗೇನೂ ದೂರಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿದ. ಪ್ರತಿ ಗಿರಾಕಿಗೂ ಒಂದು ಹಾಳೆ ಪ್ರಿಂಟ್ ತೆಗೆದು ಕೊಡುವುದು ಅಂತಾಯಿತು. ಹೆಸರು, ಪಾಸ್‌ಪೋರ್ಟ್ ನಂಬರು, ಕೊನೆಯ ದಿನ.

"ಆಂಟಿ, ಇದ್ರಲ್ಲಿ ನಿಜವಾದ ತಾರೀಕೇ ಇರ್ಲಿ. ಮೂರು ದಿನ ಕಳೆಯೋದು ಗಿಳೆಯೋದು ಬೇಡ. ಜನಕ್ಕೆ ಸುಳ್ಳು ಯಾಕೆ ಹೇಳ್ಬೇಕು?"

"ನಿಮ್ಮಪ್ಪನ್ನ ಕೇಳು."

"ಕೇಳ್ದೆ. ನಿನ್ನಿಷ್ಟ ಅಂದ್ರು."

ಅವನು ಹೇಳಿದ್ದು ಸರಿ. ಅದೇ ನನಗೆ ಚುಚ್ಚಿದ್ದು. ಸರಿಯಪ್ಪ, ನಿನ್ನ ಕಂಪ್ಯೂಟರೇ ಮಾಡಲಿ ಅಂತ ಮುಖ ಊದಿಸಿಕೊಂಡೆ. ಹಾಳೆ ಬಂದ ಹಾಗೆ ಮಡಿಸಿ ಗಿರಾಕಿಯ ಕೈಗೆ ಕೊಡತೊಡಗಿದೆ. ಈಗಿಂದ ಮೂರು ದಿನದ ಸಡಿಲ ಇಲ್ಲ ಅಂತ ಒಬ್ಬರಿಗೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದು ಇರ್ಫಾನನ ಕೆಲಸ ಅಂದುಕೊಂಡೆ. ಜನ ಆ ಮೂರು ದಿನವನ್ನು ನಂಬಿದ್ದಾರೆ ಅಂತ ಹೊಸದಾಗಿ ಬಂದು ಕೂತ ಇರ್ಫಾನನಿಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳು ನಾನು.

ಆ ಸಮಯದಲ್ಲೇ ಮೆಹರುನ್ನೀಸಾ ಆಪಾ ಬಂದದ್ದು. ನಾವು ಅಕ್ಕ ಅನ್ನುವ ಹಾಗೆ ಓಣಿಯವರೆಲ್ಲ ಅವರನ್ನು ಆಪಾ ಅನ್ನುತ್ತಿದ್ದರು.

ರಸೆಲ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಆಕೆಯದು ಬ್ಲೌಸು ಹೊಲಿಯುವ ಅಂಗಡಿ. ಗಂಡ ತೀರಿಕೊಂಡ ಮೇಲೆ ಆ ಮಿಷನ್ನಿನ ಮೇಲೇ ಮಗಳು ಶಬಾನಾಳನ್ನು ಸಾಕಿ, ಓದಿಸಿ, ಮದುವೆ ಮಾಡಿದವರು. ಅಳಿಯ ಅಯೂಬ್ ಶಾರ್ಜಾದಲ್ಲಿ ವ್ಯಾನ್ ಓಡಿಸುತ್ತಿದ್ದ. ಶಬಾನಾಳಿಗೆ ಎರಡು ಸಲ ಮಗು ನಿಂತಿರಲಿಲ್ಲ. ಎರಡನೆಯದು ಏಳು ತಿಂಗಳಿಗೆ ಹೋಯಿತು. ಆಗ ಅವಳೊಬ್ಬಳೇ ಆಸ್ಪತ್ರೆಯಲ್ಲಿದ್ದಳು. ಇದು ಮೂರನೆಯದು. ಈ ಸಲ ನೀನು ಪಕ್ಕದಲ್ಲಿ ಇರಲೇಬೇಕು ಅಮ್ಮಿ ಅಂತ ಫೋನಿನಲ್ಲಿ ಅತ್ತಿದ್ದಳು.

"ನಾನು ಮಾತು ಕೊಟ್ಬಿಟ್ಟಿದೀನಿ ಸರೋಜಾ. ಹೆರಿಗೆ ಕೋಣೆ ಬಾಗ್ಲಲ್ಲಿ ನಾನು ನಿಂತಿರ್ತೀನಿ ಅಂತ. ಅಷ್ಟು ಮಾಡ್ಕೊಡು" ಅಂದರು.

ಮಾಡಿಕೊಟ್ಟೆ. ಅಯೂಬ್ ಅಲ್ಲಿಂದ ಅರವತ್ತು ದಿನದ ವಿಸಿಟ್ ವೀಸಾ ತೆಗೆಸಿ ಫ್ಯಾಕ್ಸ್ ಕಳಿಸಿದ. ಡಾಕ್ಟರು ಹೇಳಿದ ಹೆರಿಗೆಯ ದಿನ ಆ ಅರವತ್ತು ದಿನ ದಾಟಿ ಮೂರು ವಾರಕ್ಕೆ ಬರುತ್ತಿತ್ತು. ಚಿಂತೆ ಇರಲಿಲ್ಲ; ಅವಧಿ ಮುಗಿಯುವ ಮೊದಲು ಅಯೂಬ್ ಅಲ್ಲಿನ ವೀಸಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟರೆ ಇನ್ನೊಂದು ತಿಂಗಳು ಸಿಗುತ್ತಿತ್ತು. ಇದನ್ನು ಎರಡೆರಡು ಸಲ ಹೇಳಿದೆ. ಕೊನೆಯ ದಿನ ಬುಧವಾರ ಅಂತ ಹಾಳೆಯಲ್ಲಿ ಅಚ್ಚಾಗಿತ್ತು. ಆಪಾ ಹಾಳೆಯನ್ನು ಪರ್ಸಿನಲ್ಲಿಟ್ಟುಕೊಂಡು, ನನ್ನ ಕಡೆ ನೋಡಿ ಒಂಥರಾ ನಕ್ಕರು. ಆ ನಗು ಯಾಕೆ ಅಂತ ಕೇಳಬೇಕಿತ್ತು. ಕೌಂಟರಿನ ಮುಂದೆ ಇನ್ನೂ ಆರು ಜನ ನಿಂತಿದ್ದರು.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಶಾರ್ಜಾದಿಂದ ಫೋನು.

"ಸರೋಜಾ, ಅಯೂಬ್ ಕಚೇರಿಗೆ ಹೋಗಿದ್ದ. ಮುಗಿದು ಮೂರು ದಿನ ಆಯ್ತು, ಇನ್ನು ಮುಂದೂಡಕ್ಕಾಗಲ್ಲ, ದೇಶ ಬಿಡ್ಬೇಕು ಅಂತಾರೆ. ಹೆಂಗೆ ಅದು? ಇವತ್ತೇ ತಾನೆ ಕೊನೇ ದಿನ?"

"ಹಾಳೇಲಿ ಬುಧವಾರ ಅಂತ ಇದೆಯಲ್ಲ ಆಪಾ?"

"ಅದು ನಿನ್ ತಾರೀಕು. ಸರ್ಕಾರದ್ದು ಇವತ್ತಲ್ವಾ?"

ನಾನು ಕ್ಯಾಲೆಂಡರ್ ಇಳಿಸಿದ ಗೋಡೆಯ ಕಡೆ ನೋಡಿದೆ.

ಆಗಿದ್ದು ಇಷ್ಟು. ಬುಧವಾರ ಬೆಳಿಗ್ಗೆ ಅಯೂಬ್ ಕಚೇರಿಗೆ ಹೊರಟು ನಿಂತಿದ್ದ. ಶಬಾನಾಳಿಗೆ ರಕ್ತದೊತ್ತಡ ಏರಿ ತಲೆ ಸುತ್ತಿತು. ಆಪಾ, "ಮೊದ್ಲು ಇವಳನ್ನ ಡಾಕ್ಟರ ಹತ್ರ ಕರ್ಕೊಂಡ್ಹೋಗು. ನಂದಕ್ಕೆ ಇನ್ನೂ ಮೂರು ದಿನ ಇದೆ, ಅದು ಸರೋಜಾ ಕೊಟ್ಟಿರೋ ತಾರೀಕು" ಅಂದುಬಿಟ್ಟರು. ಗುರುವಾರ, ಶುಕ್ರವಾರ ಅಲ್ಲಿ ಸರ್ಕಾರಿ ರಜೆ. ಶನಿವಾರ ಅವನು ಹೋದ. ಅರ್ಧ ದಿನದ ಕೆಲಸ. ಬುಧವಾರ ಮಧ್ಯಾಹ್ನವೂ ಹೋಗಬಹುದಿತ್ತು. ನನ್ನನ್ನು ನಂಬಿ ಕೂತರು.

ಫೋನಿನಲ್ಲಿ ನಾನು ಏನು ಹೇಳಿದೆ ಗೊತ್ತೇ? "ಏನೋ ಎಡವಟ್ಟಾಗಿದೆ ಆಪಾ, ನೋಡ್ತೀನಿ ಇರಿ" ಅಂದೆ. ತಪ್ಪು ನನ್ನದು ಅಂತ ಒಪ್ಪಿಕೊಳ್ಳಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಉಳಿದದ್ದು ಎರಡು ದಾರಿ. ಬೆಂಗಳೂರಿಗೆ ಬಂದು ಹೊಸ ವೀಸಾಕ್ಕೆ ಕಾಯುವುದು, ಇಲ್ಲವೇ ಕಿಶ್. ಕಿಶ್ ಅಂದರೆ ಇರಾನಿಗೆ ಸೇರಿದ ಒಂದು ದ್ವೀಪ. ಶಾರ್ಜಾದಿಂದ ವಿಮಾನದಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. ಅಲ್ಲಿ ಇಳಿಯಲು ಮುಂಚಿತವಾಗಿ ವೀಸಾ ಬೇಡ. ಹಾಗಾಗಿ ಗಲ್ಫ್‌ನಲ್ಲಿ ವಿಸಿಟ್ ವೀಸಾ ಮುಗಿದವರೆಲ್ಲ ಅಲ್ಲಿಗೆ ಹಾರಿ, ಒಂದು ಹೋಟೆಲಿನಲ್ಲಿ ಕೂತು, ಹೊಸ ವೀಸಾದ ಫ್ಯಾಕ್ಸ್ ಬರುವವರೆಗೆ ಕಾಯುತ್ತಿದ್ದರು. ನಾನು ಲೆಕ್ಕ ಹಾಕಿದೆ. ಹೆರಿಗೆಗೆ ಇನ್ನೂ ಎರಡೂವರೆ ವಾರ. ಕಿಶ್‌ನಲ್ಲಿ ಸಾಮಾನ್ಯವಾಗಿ ಆರು ದಿನ. ಬೆಂಗಳೂರಿಗೆ ಬಂದರೆ ವೀಸಾ ಸಿಕ್ಕರೂ ವಿಮಾನದಲ್ಲಿ ಸೀಟು ಸಿಗುವುದು ಕಷ್ಟ.

"ಕಿಶ್‌ಗೇ ಹೋಗಿ ಆಪಾ."

"ಅಲ್ಲಿ ನಂಗೆ ಯಾರಿದಾರೆ?"

"ಯಾರೂ ಇಲ್ಲ. ನಿಮ್ ಥರಾನೇ ಕಾಯೋರು ಇರ್ತಾರೆ."

"ಹುಟ್ಟೋದ್ರೊಳಗೆ ವಾಪಸ್ ಬರ್ತೀನಿ ತಾನೆ?"

"ಬರ್ತೀರಿ ಆಪಾ" ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ದಂಡ ಕಟ್ಟಿ, ಸೋಮವಾರ ಹೋದರು. ಬೆಂಗಳೂರಿನಿಂದ ಶಾರ್ಜಾಕ್ಕೆ ಹೋಗಿದ್ದು ಬಿಟ್ಟರೆ ಒಬ್ಬರೇ ಎಲ್ಲಿಗೂ ಹೋಗಿರದ ಹೆಂಗಸು. ನಾನು ದಿನಾ ಹನ್ನೊಂದು ಗಂಟೆಗೆ ಆಫೀಸಿನಿಂದ ಆ ಹೋಟೆಲಿಗೆ ಫೋನ್ ಮಾಡುತ್ತಿದ್ದೆ. ಕೆಳಗಿನಿಂದ ಯಾರೋ ಹೆಸರು ಕೂಗುತ್ತಿದ್ದರು, ಆಪಾ ಚಪ್ಪಲಿ ಸದ್ದು ಮಾಡುತ್ತಾ ಇಳಿದು ಬರುತ್ತಿದ್ದರು. ಒಂದು ಕೋಣೆಯಲ್ಲಿ ಆರು ಹೆಂಗಸರಂತೆ. ಫಿಲಿಪೈನ್ಸ್‌ನವರು ಮೂವರು, ಕೇರಳದ ಒಬ್ಬಾಕೆ, ಲಾಹೋರಿನ ಒಬ್ಬ ಮುದುಕಿ. ಫ್ಯಾಕ್ಸ್ ಬಂದ ತಕ್ಷಣ ಹಲಗೆಗೆ ಚುಚ್ಚುತ್ತಾರಂತೆ. ಯಾರ ಹೆಸರು ಬಂದರೂ ಎಲ್ಲರೂ ಚಪ್ಪಾಳೆ ತಟ್ಟಿ, ತಬ್ಬಿಕೊಂಡು ಕಳಿಸುತ್ತಾರಂತೆ. ಆಪಾ ಎಲ್ಲಿಂದಲೋ ಸೂಜಿ ದಾರ ಸಂಪಾದಿಸಿ ಕೋಣೆಯವರ ಹರಿದ ಬಟ್ಟೆಯೆಲ್ಲ ಹೊಲಿದುಕೊಟ್ಟಿದ್ದರು.

ಆರು ದಿನವಾಯಿತು. ಏಳಾಯಿತು. ಹಿಂದಿನ ಸಲ ಅವಧಿ ಮೀರಿದ್ದರಿಂದ ಅರ್ಜಿಯನ್ನು ಇನ್ನೊಮ್ಮೆ ನೋಡುತ್ತಿದ್ದಾರೆ ಅಂತ ಅಯೂಬ್ ಹೇಳಿದ. ಎಂಟನೇ ದಿನ ಆಪಾ, "ಸರೋಜಾ, ದುವಾ ಮಾಡು" ಅಂದರು, ಅಷ್ಟೇ. ಒಂಬತ್ತನೇ ದಿನ ನಾನು ಫೋನ್ ಮಾಡುವ ಮೊದಲೇ ಅಯೂಬನ ಫೋನು ಬಂತು. ಹೇಳಿದ್ದಕ್ಕಿಂತ ಒಂದು ವಾರ ಮುಂಚೆ ಹೆರಿಗೆಯಾಗಿತ್ತು. ಹೆಣ್ಣುಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಫೋನ್ ಇಟ್ಟು ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಇರ್ಫಾನ್ ಹೆದರಿ ನೀರು ತಂದುಕೊಟ್ಟ. ಅವನಿಗೆ ಅವತ್ತೇ ಎಲ್ಲ ಹೇಳಿದೆ. ಪಾಪ, "ನಂಗೆ ಗೊತ್ತಿರ್ಲಿಲ್ಲ ಆಂಟಿ" ಅಂತ ಅವನೂ ಕಣ್ಣು ಒರೆಸಿಕೊಂಡ.

ಆಪಾಗೆ ವೀಸಾ ಬಂದದ್ದು ಹನ್ನೊಂದನೇ ದಿನ.

ಮಗು ಹುಟ್ಟಿದ ಮಾರನೇ ದಿನದಿಂದ ನಾನು ಮಾಡಿದ ಕೆಲಸ, ಹೊರಗಿರುವ ಗಿರಾಕಿಗಳ ಪಟ್ಟಿ ತೆಗೆದು ಒಬ್ಬೊಬ್ಬರ ಮನೆಗೂ ಫೋನ್ ಮಾಡಿದ್ದು. ಹಾಳೆಯಲ್ಲಿರುವುದೇ ನಿಜವಾದ ದಿನ, ಅದರ ಮುಂದೆ ಒಂದು ಗಂಟೆಯೂ ಇಲ್ಲ. "ಹೌದಾ? ನಾವು ಮೂರು ದಿನ ಇದೆ ಅಂದ್ಕೊಂಡಿದ್ವಲ್ಲ!" ಅಂದವರು ಎಷ್ಟು ಜನ ಅನ್ನುತ್ತೀರಿ. ಅದಕ್ಕೇ ಹೊಸಬರಿಗೆ ಹೇಳುತ್ತೇನೆ. ಹಳೆಯ ಪದ್ಧತಿ ಬಿಡಿ, ಹೊಸದು ಹಿಡಿಯಿರಿ, ನನ್ನ ತಕರಾರಿಲ್ಲ. ಆದರೆ ನೀವು ಬಿಟ್ಟದ್ದು ಎದುರಿಗೆ ಕೂತವರಿಗೆ ಗೊತ್ತಾಗಬೇಕು. ಮುಖ ಊದಿಸಿಕೊಂಡು ಕಾಗದ ಮಡಿಸಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ.

ಆಪಾ ಊರಿಗೆ ಬಂದ ವಾರಕ್ಕೆ ಅವರ ಅಂಗಡಿಗೆ ಹೋದೆ. ಮಿಷನ್ ತುಳಿಯುತ್ತಿದ್ದರು. ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದೆ. ಮೂರು ದಿನ ಕಳೆಯುವುದನ್ನು ಅವರು ಹೋಗುವ ಮೊದಲೇ ನಿಲ್ಲಿಸಿದ್ದೆವು, ನನಗೆ ಗೊತ್ತಿತ್ತು, ಹೇಳಲಿಲ್ಲ. ಫೋನಿನಲ್ಲಿ ಕೇಳಿದಾಗಲೂ ಒಪ್ಪಿಕೊಳ್ಳಲಿಲ್ಲ.

ಮಿಷನ್ ನಿಂತಿತು.

"ಶಬಾನಾಗೆ ಹೇಳ್ದೆ, ನಾನೇ ಲೆಕ್ಕ ತಪ್ಪಿದೆ ಅಂತ. ಅಯೂಬ್‌ಗೂ ಅದೇ ಹೇಳ್ದೆ. ಇಷ್ಟು ದಿನ ನಾನೂ ಹಂಗೇ ಅಂದ್ಕೊಂಡಿದ್ದೆ" ಅಂದರು. "ಒಂದು ಮಾತು ಹೇಳ್ಬೇಕಿತ್ತು ಸರೋಜಾ. ಒಂದೇ ಮಾತು."

"ತಪ್ಪಾಯ್ತು ಆಪಾ."

ಕ್ಷಮಿಸಿದೆ ಅನ್ನಲಿಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲೆ ಎಳೆದುಕೊಂಡು, ನನ್ನ ಮುಖ ನೋಡದೆ ಮಾತಾಡಿದರು.

"ಅವತ್ತು ಕೆಳಗಿಂದ ನನ್ ಹೆಸರು ಕೂಗಿದ್ರು. ಫ್ಯಾಕ್ಸ್ ಬಂತು ಅಂತ ಓಡ್ದೆ. ನೋಡಿದ್ರೆ ಫೋನು, ಅಯೂಬ್. ಮಗು ಹುಟ್ತು ಅಮ್ಮಿ ಅಂದ. ನಾನು ಅಲ್ಲೇ ಕೂತು ಜೋರಾಗಿ ಅತ್ಬಿಟ್ಟೆ. ಕೋಣೆಯವ್ರೆಲ್ಲ ಓಡಿ ಬಂದು, ತಬ್ಕೊಂಡು ಚಪ್ಪಾಳೆ ಹೊಡೆದ್ರು, ನಂಗೆ ವೀಸಾ ಬಂತು ಅಂತ. ಲಾಹೋರಿನ ಮುದುಕಿ ಮೇಲೆ ಹೋಗಿ ನನ್ ಬ್ಯಾಗೇ ತಂದ್ಬಿಟ್ಲು. ಹೊರಡು ಹೊರಡು, ಮಗಳು ಕಾಯ್ತಿರ್ತಾಳೆ ಅಂತಾಳೆ. ಆ ಬ್ಯಾಗ್ ತಗೊಂಡು ನಾನು ಎಲ್ಲಿಗೆ ಹೋಗ್ಲಿ ಸರೋಜಾ?"

ಆಪಾ ಮತ್ತೆ ಮಿಷನ್ ತುಳಿಯತೊಡಗಿದರು. ನಾನು ಸಂಜೆಯವರೆಗೂ ಆ ಸ್ಟೂಲಿನ ಮೇಲೇ ಕೂತಿದ್ದೆ. ಅವರು ಏಳು ಅನ್ನಲೂ ಇಲ್ಲ, ಇರು ಅನ್ನಲೂ ಇಲ್ಲ.